ದೋಟಿಯ ತುದಿಯ ವಾಲ್ವು: ನಿಟಿನಾಲ್ ತಂತಿ ಎಳೆಯುತ್ತದೆ, ಬಿಡುವಾಗ ಸತಾಯಿಸುತ್ತದೆ

ಪೆರ್ಲದ ದೋಟಿ · ಶುಕ್ರವಾರ ರಾತ್ರಿ 9:12

ವಿಷಯ ಸ್ವಲ್ಪ ಉದ್ದ ಉಂಟು. ಊಟ ಮುಗಿಸಿ ನಿಧಾನ ಓದಿ.

ಅಡಿಕೆ ಮರ ಹತ್ತುವವರು ಸಿಗದೆ ಕಾರ್ಬನ್ ಫೈಬರ್ ದೋಟಿ ತೆಗೆದುಕೊಂಡವರಲ್ಲಿ ನಾನೂ ಒಬ್ಬ. 60 ಅಡಿಯದ್ದು. ಕೊಯ್ಲಿಗೆ ಅದರ ಮೇಲೆ ದೂರಿಲ್ಲ. ಬೋರ್ಡೋ (ಮೈಲುತುತ್ತು, ಸುಣ್ಣ ಕಲಸಿದ ಔಷಧ) ಬಿಡುವಾಗ ಮಾತ್ರ ತಲೆಬಿಸಿ. ಬಂದ್ ಮಾಡುವ ವಾಲ್ವು ಕೆಳಗೆ ನನ್ನ ಕೈಯಲ್ಲಿ, ನಾಜಲ್ಲು ಮೇಲೆ ಗೊನೆಯ ಹತ್ತಿರ. ವಾಲ್ವು ತಿರುಗಿಸಿದ ಮೇಲೂ, ಒತ್ತಡಕ್ಕೆ ಉಬ್ಬಿದ ಅಷ್ಟುದ್ದದ ಪೈಪು ಕುಗ್ಗುವವರೆಗೆ ಮೇಲಿಂದ ಹನಿಯುತ್ತಲೇ ಇರ್ತದೆ. ಆ ಹನಿಗೆ ಜೋರಿಲ್ಲ, ಗೊನೆಗೆ ತಾಗುವುದಿಲ್ಲ, ಬೀಳುವುದು ನೇರ ನನ್ನ ಟೊಪ್ಪಿಗೆ. ಸಂಜೆ ಅಂಗಳಕ್ಕೆ ಬರುವಾಗ ಯಕ್ಷಗಾನದ ಚೌಕಿಯಿಂದ ಅರ್ಧ ಬಣ್ಣ ಹಚ್ಚಿ ಎದ್ದು ಬಂದ ವೇಷದ ಹಾಗೆ ಇರ್ತೇನೆ.

ವಾಲ್ವು ತುದಿಯಲ್ಲೇ ಇದ್ದರೆ ಈ ಗೋಳಿಲ್ಲ. ಕರೆಂಟಿನಲ್ಲಿ ತೆರೆಯುವ ಒಂದು ಸೊಲೆನಾಯ್ಡ್ ವಾಲ್ವು ಕಟ್ಟಿ ನೋಡಿದೆ. ಅರ್ಧ ಕಿಲೋ ಹತ್ತಿರ ತೂಗುತ್ತದೆ. 60 ಅಡಿ ಮೇಲೆ ಅರ್ಧ ಕಿಲೋ ಅಂದರೆ ಏನು ಅಂತ ದೋಟಿ ಹಿಡಿದವರಿಗೇ ಗೊತ್ತು. ಎರಡು ಮರಕ್ಕೆ ಬಿಟ್ಟು ಮೂರನೆಯದಕ್ಕೆ ಹೋಗುವಾಗ ಹೆಗಲು ಬೇಡ ಅಂತದೆ.

ಆಮೇಲೆ ನಿಟಿನಾಲ್ ತಂತಿ ತರಿಸಿದೆ. 0.38 ಮಿ.ಮೀ. ದಪ್ಪ, 20 ಸೆಂ.ಮೀ. ಉದ್ದ. ಕರೆಂಟು ಕೊಟ್ಟರೆ ಬಿಸಿಯಾಗಿ ನೂರಕ್ಕೆ ನಾಲ್ಕರಷ್ಟು, ಅಂದರೆ 8 ಮಿ.ಮೀ. ಕುಗ್ಗುತ್ತದೆ. ಎರಡು ಕಿಲೋ ಮೇಲೆ ಎಳೆಯುತ್ತದೆ. ತಂತಿಯ ತೂಕ ಕಾಲು ಗ್ರಾಂ ಕೂಡ ಇಲ್ಲ! ಒಂದು ಸೆಕೆಂಡಿನಲ್ಲಿ ವಾಲ್ವು ತೆರೆಯಿತು. ಅಮ್ಮನನ್ನು ಕರೆದು ತೋರಿಸಿದೆ. ಆಮೇಲೆ ಕರೆಂಟು ತೆಗೆದೆ. ಅದು ತಣಿದು ಸಡಿಲ ಆಗಿ ವಾಲ್ವು ಮುಚ್ಚಲಿಕ್ಕೆ ಒಂಬತ್ತು ಹತ್ತು ಸೆಕೆಂಡು. ಅಷ್ಟರಲ್ಲಿ ನಾನು ಮುಂದಿನ ಮರದ ಬುಡದಲ್ಲಿರ್ತೇನೆ.

ಇಂಥ ಸ್ಮಾರ್ಟ್ ವಸ್ತುಗಳನ್ನು ಒಂದಕ್ಕೊಂದು ಸೇರಿಸಿ ಕಾಂಪೊಸಿಟ್ ಮಾಡಿದರೆ ವೇಗವೂ ಬಲವೂ ಹೆಚ್ಚುತ್ತದೆ ಅಂತ ಎಲ್ಲೋ ಓದಿದೆ. ಅದು ಮನೆಯಲ್ಲಿ ಮಾಡಿ ನೋಡುವಂಥದ್ದಾ, ಅಲ್ಲ ಬರೀ ಕಾಗದದ ಮೇಲಿನದ್ದಾ?

ಕುಂಬಳೆ ಕಡಲು · ಶುಕ್ರವಾರ ರಾತ್ರಿ 9:30

ಸೈಕಲ್ ಬ್ರೇಕ್ ಕೇಬಲ್ ಕಟ್ಟಿ ಎಳೆಯಿರಿ ಮಾರಾಯ್ರೆ. ನೂರು ರೂಪಾಯಿಯ ಕೆಲಸಕ್ಕೆ ವಿಜ್ಞಾನ ಯಾಕೆ?

ಪೆರ್ಲದ ದೋಟಿ · ಶುಕ್ರವಾರ ರಾತ್ರಿ 9:41

ಕಟ್ಟಿದ್ದೇನೆ ಅಣ್ಣ. ದೋಟಿ ಒಂದರೊಳಗೊಂದು ಜಾರುವಂಥದ್ದು, ಪ್ರತಿ ಸಲ ಉದ್ದ ಬದಲಾಗ್ತದೆ, ಕೇಬಲಿನ ಅಳತೆ ತಪ್ಪುತ್ತದೆ. 60 ಅಡಿ ಕೇಬಲು ಕವಚದೊಳಗೆ ಉಜ್ಜಿಕೊಂಡು ಹೋಗುವಾಗ ಕೆಳಗೆ ಒಂದು ಇಂಚು ಎಳೆದರೆ ಮೇಲೆ ಏನೂ ಆಗುವುದಿಲ್ಲ. ಕವಚದ ತೂಕ ಬೇರೆ.

ನೀರ್ಚಾಲಿನ ಮಾಷ್ಟ್ರು · ಶುಕ್ರವಾರ ರಾತ್ರಿ 10:25

ಮೊದಲು ತಂತಿಯ ಸ್ವಭಾವ ತಿಳಿದುಕೊಳ್ಳುವ. ನಿಟಿನಾಲ್ ಅಂದರೆ ನಿಕ್ಕಲು, ಟೈಟಾನಿಯಂ, ಕೊನೆಯ ಮೂರು ಇಂಗ್ಲಿಷ್ ಅಕ್ಷರ (NOL) ಅಮೆರಿಕದ ನೇವಲ್ ಆರ್ಡ್‌ನೆನ್ಸ್ ಲ್ಯಾಬೊರೇಟರಿಯದ್ದು. ಅಲ್ಲಿ ವಿಲಿಯಂ ಬ್ಯೂಲರ್ ಎಂಬವರು ಈ ಮಿಶ್ರಲೋಹದ ಮೇಲೆ ಕೆಲಸ ಮಾಡುತ್ತಿದ್ದರು. 1960ರ ದಶಕದ ಆರಂಭದಲ್ಲಿ ಒಂದು ಸಭೆಯಲ್ಲಿ ಮಡಿಕೆ ಮಡಿಕೆಯಾಗಿ ಬಗ್ಗಿಸಿದ ಪಟ್ಟಿಯನ್ನು ಕೈಯಿಂದ ಕೈಗೆ ದಾಟಿಸುವಾಗ, ಒಬ್ಬರು ತಮ್ಮ ಹೊಗೆಸೊಪ್ಪಿನ ಪೈಪಿನ ಲೈಟರಿನಿಂದ ಅದಕ್ಕೆ ಬಿಸಿ ಹಿಡಿದರು. ಪಟ್ಟಿ ತಾನಾಗಿ ನೇರವಾಯಿತು. ತಣ್ಣಗಿರುವಾಗ ಪರಮಾಣುಗಳ ಜೋಡಣೆ ಒಂದು, ಬಿಸಿಯಾದಾಗ ಇನ್ನೊಂದು. ಲೋಹ ಕರಗುವುದಿಲ್ಲ, ಸಾಲು ಮಾತ್ರ ಬದಲಾಯಿಸಿ ನಿಲ್ಲುತ್ತದೆ.

ಹಾಗಾಗಿ ಎಳೆಯುವ ವೇಗ ನಿಮ್ಮ ಕೈಯಲ್ಲಿದೆ: ಹೆಚ್ಚು ಕರೆಂಟು ನೂಕಿದರೆ ಬೇಗ ಬಿಸಿ. ಬಿಡುವ ವೇಗ ಗಾಳಿಯ ಕೈಯಲ್ಲಿದೆ. ತಂತಿಯಲ್ಲಿ ತುಂಬಿದ ಬಿಸಿ ಅದರ ಅಡ್ಡಕೊಯ್ತಕ್ಕೆ ತಕ್ಕಷ್ಟು, ಹೊರಗೆ ಹೋಗುವ ದಾರಿ ಅದರ ಮೈಗೆ ತಕ್ಕಷ್ಟು. ದಪ್ಪ ಇಮ್ಮಡಿಯಾದರೆ ಬಿಸಿ ನಾಲ್ಕು ಪಟ್ಟು, ಮೈ ಎರಡೇ ಪಟ್ಟು. ದೊಡ್ಡ ಪಾತ್ರೆಯ ಗಂಜಿ ಆರಲಿಕ್ಕೆ ಹೊತ್ತು, ಬಟ್ಟಲಿಗೆ ಬಡಿಸಿದ್ದು ಬೇಗ ಆರುತ್ತದೆ.

ನಿಮ್ಮ ಒಂದು ದಪ್ಪ ತಂತಿಯ ಬದಲು 0.1 ಮಿ.ಮೀ. ತಂತಿ 14 ಹಾಕಿ. ಅಡ್ಡಕೊಯ್ತ ಹೆಚ್ಚು ಕಡಿಮೆ ಅಷ್ಟೇ, ಒಂದೊಂದು 143 ಗ್ರಾಂ ಎಳೆದರೂ ಒಟ್ಟು ಎರಡು ಕಿಲೋ. ಆದರೆ ತಣಿಯುವುದು ಒಂದು ಸೆಕೆಂಡಿನಲ್ಲಿ. ತೆಂಗಿನ ನಾರನ್ನು ಒಂದೊಂದಾಗಿ ನೋಡಿದರೆ ಏನು ಬಲ? ಹುರಿ ಮಾಡಿದ ಮೇಲೆ ಎತ್ತನ್ನು ಕಟ್ಟುತ್ತೇವೆ.

ಹೊಸೂರು ಶಿಫ್ಟ್ · ಶುಕ್ರವಾರ ರಾತ್ರಿ 11:50

ಈಗ ತಾನೇ ಶಿಫ್ಟ್ ಮುಗಿಸಿ ಬಂದೆ. ಗುರು, ಬಿಸಿ ತಣ್ಣಗೆ ಅಂತ ಯಾಕೆ ಒದ್ದಾಡ್ತೀರಾ? ಪೀಜೋ ಹಾಕಿ. ಗ್ಯಾಸ್ ಲೈಟರ್ ಒತ್ತಿದ್ರೆ ಕಿಡಿ ಬರುತ್ತಲ್ಲ, ಅದನ್ನೇ ತಿರುಗಿಸಿ ಕರೆಂಟ್ ಕೊಟ್ರೆ ಹರಳು ಉದ್ದ ಆಗುತ್ತೆ. ಡೀಸೆಲ್ ಗಾಡಿಗಳ ಇಂಜೆಕ್ಟರಲ್ಲಿ ಇದನ್ನ ಇಟ್ಟು ಎಷ್ಟೋ ವರ್ಷ ಆಯ್ತು. ಕಣ್ಣು ಮಿಟುಕಿಸೋದ್ರಲ್ಲಿ ಎಷ್ಟು ಸಲ ಬೇಕಾದ್ರೂ ತೆಗೆದು ಮುಚ್ಚುತ್ತೆ.

ನೀರ್ಚಾಲಿನ ಮಾಷ್ಟ್ರು · ಶನಿವಾರ ಬೆಳಿಗ್ಗೆ 6:05

ಎಷ್ಟು ಉದ್ದ ಆಗುತ್ತದೆ ಅಂತ ಲೆಕ್ಕ ಹಾಕಿದ್ದೀರಾ? ಒಂದು ಸೆಂ.ಮೀ. ಎತ್ತರದ ಪೀಜೋ ಕಟ್ಟು ಪೂರ್ತಿ ವೋಲ್ಟೇಜಿಗೆ ಚಲಿಸುವುದು 10 ಮೈಕ್ರಾನಿನಷ್ಟು, ಸಾವಿರಕ್ಕೆ ಒಂದು ಪಾಲು. ಪೆರ್ಲದವರಿಗೆ ಬೇಕಾದ 8 ಮಿ.ಮೀ.ಗೆ 8 ಮೀಟರು ಪೀಜೋ ಕಂಬ ಬೇಕು. ದೋಟಿಯ ಅರ್ಧದಷ್ಟು ಉದ್ದ!

ಹೊಸೂರು ಶಿಫ್ಟ್ · ಶನಿವಾರ ಬೆಳಿಗ್ಗೆ 9:15

ಒಪ್ಪಿದೆ ಮೇಷ್ಟ್ರೇ. ಇಂಜೆಕ್ಟರಲ್ಲಿ ಅಷ್ಟು ಸಾಕು ಅನ್ನೋದು ಮರೆತೆ.

ಬದಿಯಡ್ಕದವಳು · ಶನಿವಾರ ಮಧ್ಯಾಹ್ನ 1:40

ನಾನು ಮೆಟೀರಿಯಲ್ಸ್ ಓದುತ್ತಿರುವವಳು, ಮನೆ ಬದಿಯಡ್ಕದ ಹತ್ತಿರ. ರಜೆಗೆ ಬಂದಿದ್ದೇನೆ, ಹೊರಗೆ ಮಳೆ, ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ.

ಪೆರ್ಲದ ಅಣ್ಣ ಕೇಳಿದ್ದು ಕಾಂಪೊಸಿಟ್ ಮಾಡಿದರೆ ವೇಗ, ಬಲ ಹೆಚ್ಚುತ್ತದಾ ಅಂತ. ಹೆಚ್ಚುತ್ತದೆ. ಆದರೆ ಸೇರಿಸಿದ್ದಕ್ಕೇ ಹೆಚ್ಚುವುದಲ್ಲ. ಒಂದು ವಸ್ತು ಎಲ್ಲಿ ಎಡವುತ್ತದೋ ಅಲ್ಲಿಗೆ ಇನ್ನೊಂದನ್ನು ತಂದು ಕೂರಿಸಿದರೆ ಮಾತ್ರ.

ಟರ್ಫೆನಾಲ್-ಡಿ ಅಂತ ಒಂದು ಮಿಶ್ರಲೋಹ ಉಂಟು. ಟರ್ಬಿಯಂ, ಕಬ್ಬಿಣ, ಡಿಸ್‌ಪ್ರೋಸಿಯಂ. ಮಾಷ್ಟ್ರು ಹೇಳಿದ ಅದೇ ನೇವಲ್ ಲ್ಯಾಬಿನ ಕೂಸು, ಹೆಸರಿನಲ್ಲೂ ಅದೇ ಮೂರಕ್ಷರ. ಅಯಸ್ಕಾಂತ ಕ್ಷೇತ್ರ ಕೊಟ್ಟರೆ ಉದ್ದ ಆಗುತ್ತದೆ. ಆದರೆ ಕ್ಷೇತ್ರವನ್ನು ಬೇಗಬೇಗ ಬದಲಾಯಿಸಿದರೆ ಘನ ಸರಳಿನ ಒಳಗೆ ಸುಳಿಕರೆಂಟು ಹುಟ್ಟಿ, ಕ್ಷೇತ್ರ ಒಳಗೆ ಹೊಗಲಿಕ್ಕೇ ಬಿಡುವುದಿಲ್ಲ, ಸರಳು ಸುಮ್ಮನೆ ಬಿಸಿಯಾಗುತ್ತದೆ. ಪರಿಹಾರ ಏನು ಮಾಡಿದರು? ಅದನ್ನು ಪುಡಿ ಮಾಡಿ ಎಪಾಕ್ಸಿಯಲ್ಲಿ ಕಲಸಿ ಅಚ್ಚು ಹೊಯ್ದರು. ಪ್ರತಿ ಕಣದ ಸುತ್ತ ಅಂಟು, ಕರೆಂಟಿಗೆ ಸುತ್ತಲು ದಾರಿ ಇಲ್ಲ. ಟ್ರಾನ್ಸ್‌ಫಾರ್ಮರಿನ ಕಬ್ಬಿಣವನ್ನು ಹಾಳೆ ಹಾಳೆಯಾಗಿ ಇಡುವುದೂ ಇದಕ್ಕೇ. ಉದ್ದವಾಗುವ ಪ್ರಮಾಣ ಸ್ವಲ್ಪ ಕಳಕೊಂಡರು, ವೇಗ ಪಡೆದರು.

ಹೊಸೂರಿನವರ ಪೀಜೋ ಇನ್ನೊಂದು ಕಥೆ. ಪಿಜೆಡ್‌ಟಿ ಎಂಬ ಪೀಜೋ ಸೆರಾಮಿಕ್ ನಮ್ಮ ಮಂಗಳೂರು ಹೆಂಚಿನ ಜಾತಿ, ಬಗ್ಗಿಸಿದರೆ ಮುರಿಯುತ್ತದೆ. ನಾಸಾದ ಲ್ಯಾಂಗ್ಲಿ ಕೇಂದ್ರದವರು ಅದನ್ನು ತೆಳು ಕಡ್ಡಿಗಳಾಗಿ ಕೊಯ್ದು, ಎಪಾಕ್ಸಿಯಲ್ಲಿ ಸಾಲಾಗಿ ಮಲಗಿಸಿ, ಬಾಚಣಿಗೆ ಹಲ್ಲಿನಂಥ ಎಲೆಕ್ಟ್ರೋಡ್ ಇರುವ ಪ್ಲಾಸ್ಟಿಕ್ ಹಾಳೆಗಳ ನಡುವೆ ಒತ್ತಿದರು. ಮ್ಯಾಕ್ರೋ ಫೈಬರ್ ಕಾಂಪೊಸಿಟ್ ಅಂತ ಹೆಸರು. ಈಗ ಅದು ಬಾಳೆಲೆಯ ಹಾಗೆ ಬಾಗುತ್ತದೆ, ಪೈಪಿನ ಮೈಗೂ ಅಂಟಿಸಬಹುದು. ಆದರೆ ಅದಕ್ಕೆ 1500 ವೋಲ್ಟಿನವರೆಗೆ ಬೇಕು. ಮಳೆಗಾಲದ ತೋಟದಲ್ಲಿ, ಒದ್ದೆ ಕೈಯಲ್ಲಿ, ಬೇಡವೇ ಬೇಡ.

ಅಂದ ಹಾಗೆ, ಪೀಜೋ ಕಾಂಪೊಸಿಟನ್ನು ನೀವು ಆಗಲೇ ನೋಡಿರಬಹುದು. ಅಲ್ಟ್ರಾಸೌಂಡ್ ಸ್ಕ್ಯಾನ್ ಮಾಡುವಾಗ ಹೊಟ್ಟೆ ಮೇಲೆ ಜಾರಿಸುವ ಪ್ರೋಬಿನಲ್ಲಿ ಎಷ್ಟೋ ಸಲ ಇರುವುದು ಪ್ಲಾಸ್ಟಿಕ್ಕಿನ ನಡುವೆ ಕಾಡಿನ ಮರಗಳ ಹಾಗೆ ನೆಟ್ಟ ಪಿಜೆಡ್‌ಟಿ ಕಂಬಗಳು.

ಇನ್ನು ನಿಟಿನಾಲ್. ಪುಸ್ತಕದ ದಾರಿ ಅಂದರೆ ತಂತಿಯನ್ನು ಕಾರ್ಬನ್-ಎಪಾಕ್ಸಿ ಪಟ್ಟಿಯ ಒಳಗೇ ಹುದುಗಿಸುವುದು. ಅಣ್ಣ, ಅದನ್ನು ಮಾತ್ರ ಮನೆಯಲ್ಲಿ ಮಾಡಬೇಡಿ. ತಂತಿ ನೂರಕ್ಕೆ ನಾಲ್ಕು ಕುಗ್ಗುತ್ತದೆ, ಕಾರ್ಬನ್ ನೂಲು ನೂರಕ್ಕೆ ಒಂದೂವರೆ ಎರಡು ಎಳೆದರೇ ತುಂಡಾಗುವಂಥದ್ದು. ಇಬ್ಬರನ್ನು ಒಂದೇ ಮಂಚಕ್ಕೆ ಕಟ್ಟಿ ಹಾಕಿದರೆ ಅಂಟು ಬಿಟ್ಟು ತಂತಿ ಜಾರುತ್ತದೆ. ಮತ್ತೆ ತಂತಿ ಕೆಲಸ ಮಾಡುವುದು 70ರಿಂದ 90 ಡಿಗ್ರಿ ಬಿಸಿಯಲ್ಲಿ. ಹಾರ್ಡ್‌ವೇರ್ ಅಂಗಡಿಯ ಎರಡು ಟ್ಯೂಬಿನ ಎಪಾಕ್ಸಿ ಅದಕ್ಕಿಂತ ಮೊದಲೇ ಮೆತ್ತಗಾಗುತ್ತದೆ. ಹಾಗಾಗಿ ಬಲ್ಲವರು ತಂತಿಯನ್ನು ಕೊಳವೆಯೊಳಗೆ ಸಡಿಲ ಬಿಡುತ್ತಾರೆ, ಎರಡು ತುದಿ ಮಾತ್ರ ಕಟ್ಟುತ್ತಾರೆ. ಪಟ್ಟಿಯ ನಡುವಿನಿಂದ ಸ್ವಲ್ಪ ದೂರದಲ್ಲಿಟ್ಟರೆ ಪಟ್ಟಿ ಬಿಲ್ಲಿನ ಹಾಗೆ ಬಾಗುತ್ತದೆ. ಹತ್ತಿರ ಇಟ್ಟರೆ ತುಂಬ ಬಾಗುತ್ತದೆ, ಬಲ ಕಡಿಮೆ. ದೂರ ಇಟ್ಟರೆ ಬಲ ಹೆಚ್ಚು, ಬಾಗುವುದು ಕಡಿಮೆ.

ಒಂದು ವಿಚಿತ್ರ ಹೇಳಲಾ? ಇಷ್ಟು ಸಪೂರ ತಂತಿಗೆ ತೆಳುವಾಗಿ ಸಿಲಿಕೋನ್ ರಬ್ಬರು ಹಚ್ಚಿದರೆ ಅದು ಕಂಬಳಿಯಾಗುವುದಿಲ್ಲ. ಹೊರಮೈ ದೊಡ್ಡದಾಗಿ ಬಿಸಿ ಇನ್ನೂ ಬೇಗ ಹೊರಗೆ ಹೋಗುತ್ತದೆ. ಮಾಷ್ಟ್ರು ಈಗ ಬೈಯಬಹುದು.

ನೀರ್ಚಾಲಿನ ಮಾಷ್ಟ್ರು · ಶನಿವಾರ ಮಧ್ಯಾಹ್ನ 3:20

ಬೈಯುವುದಿಲ್ಲ ತಂಗಿ, ಸರಿಯೇ. ದಪ್ಪ ಪೈಪಿಗಾದರೆ ಹೊದಿಕೆ ಬಿಸಿ ಉಳಿಸುತ್ತದೆ, ಕೂದಲೆಳೆಯಂಥದ್ದಕ್ಕೆ ಲೆಕ್ಕ ತಿರುಗಿ ಬೀಳುತ್ತದೆ. ಆದರೆ ರಬ್ಬರನ್ನೂ ಸ್ವಲ್ಪ ಬಿಸಿ ಮಾಡಬೇಕಾಗುವುದರಿಂದ ಕರೆಂಟು ಹೆಚ್ಚು ಬೇಕು. ತಂತಿ ಮಾಡುವವರೇ ಕೊಡುವ ಕೋಷ್ಟಕ ಉಂಟಲ್ಲ: ಎಣ್ಣೆಯಲ್ಲಿ ಮುಳುಗಿಸಿದರೆ 25 ಪಟ್ಟು ಬೇಗ ತಣಿಯುತ್ತದೆ, ಗ್ಲೈಕಾಲ್ ಬೆರೆಸಿದ ನೀರಿನಲ್ಲಾದರೆ 100 ಪಟ್ಟು. ಬೇಗ ತಣಿಸುವ ಎಲ್ಲವೂ ಬೇಗ ಬ್ಯಾಟರಿ ಮುಗಿಸುವವೇ.

ಬ್ಯಾಟರಿ ಮಾತು ಬಂತು, ಇದೂ ಇರಲಿ. ಎರಡು ಕಿಲೋ ಭಾರ 8 ಮಿ.ಮೀ. ಎತ್ತಿದ ಕೆಲಸ 0.16 ಜೂಲ್. 14 ತಂತಿಗೆ ಒಂದು ಸೆಕೆಂಡು ಕೊಟ್ಟ ವಿದ್ಯುತ್ತು ಸುಮಾರು 14 ಜೂಲ್. ನೂರಕ್ಕೆ ಒಂದು ಚಿಲ್ಲರೆ ಮಾತ್ರ ಕೆಲಸ, ಉಳಿದದ್ದೆಲ್ಲ ಗಾಳಿ ಬಿಸಿ ಮಾಡಲಿಕ್ಕೆ. ಮನುಷ್ಯನಾಗಿದ್ದರೆ ಕೆಲಸಕ್ಕೆ ಕರೆಯುತ್ತಿರಲಿಲ್ಲ.

ಜತ್ತದ ಮಾಸ್ತರ · ಶನಿವಾರ ರಾತ್ರಿ 8:10

ನಮಸ್ಕಾರ್ರೀ. ನಾ ಜತ್ತ ಕಡಿಯಾಂವ, ಸಾಂಗ್ಲಿ ಜಿಲ್ಲಾ. ಅಡಿಕಿ ನಮ್ಮಲ್ಲಿ ಬರೇ ತಿನ್ನೂದಷ್ಟ, ಆದ್ರ ಬೋರ್ಡೋ ಮಾತ್ರ ನಮ್ಮ ದ್ರಾಕ್ಷಿ ಸಲುವಾಗೇ ಹುಟ್ಟಿದ ಔಷಧ, ಅದಕ್ಕ ಮಾತಾಡಾಕ ಹಕ್ಕೈತಿ ಅಂದ್ಕೋತೀನಿ.

ನೀವೆಲ್ಲಾರೂ ತಂತಿ ಹೆಂಗ ಲಗೂ ತಣ್ಣಗ ಆಗಬೇಕು ಅಂತ ವಿಚಾರ ಮಾಡಾಕತ್ತೀರಿ. ನಾ ಕೇಳೂದು, ವಾಲ್ವ ಮುಚ್ಚಾಕ ತಂತಿ ತಣ್ಣಗ ಯಾಕ ಆಗಬೇಕ್ರಿ? ನನ್ನ ಮಗಳ ತಲಿಗೆ ಹಾಕೋ ಟಿಕ್‌ಟ್ಯಾಕ್ ಕ್ಲಿಪ್ ನೋಡ್ರಿ. ಈ ಕಡೆ ಒತ್ತಿದ್ರ ಟಕ್, ಆ ಕಡೆ ಒತ್ತಿದ್ರ ಟಕ್. ನಡುವ ನಿಲ್ಲೂದ ಇಲ್ಲ. ಒತ್ತೂದು ನಿಧಾನ ಒತ್ತಿದ್ರೂ ಹಾರೂದು ಒಮ್ಮಿಗೇ ಹಾರತೈತಿ, ಯಾಕಂದ್ರ ಅದರ ತಗಡಿನ್ಯಾಗ ಶಕ್ತಿ ಕೂಡಿಟ್ಟಿರತೈತಿ. ವಾಲ್ವಿಗೆ ಅಂಥಾ ಒಂದು ತಗಡ ಹಾಕ್ರಿ. ಒಂದು ತಂತಿ ತಗ್ಯಾಕ, ಇನ್ನೊಂದು ತಂತಿ ಮುಚ್ಚಾಕ. ಎರಡಕ್ಕೂ ಒಂದೊಂದು ಗುಕ್ಕು ಕರೆಂಟ್ ಸಾಕು, ಹಿಡಕೊಂಡು ಕುಂದರೂದು ಬ್ಯಾಡ. ಬ್ಯಾಟರಿನೂ ಉಳಿತೈತಿ.

ಕುಂಬಳೆ ಕಡಲು · ಶನಿವಾರ ರಾತ್ರಿ 8:22

ಇದು ನನಗೂ ಅರ್ಥ ಆಯ್ತು. ಮಾಸ್ತರರಿಗೆ ಒಂದು ಕ್ವಿಂಟಾಲ್ ಅಡಿಕೆ ಕಳಿಸಿ.

ನೀರ್ಚಾಲಿನ ಮಾಷ್ಟ್ರು · ಶನಿವಾರ ರಾತ್ರಿ 9:00

ಬಹಳ ಚಂದ. ನಮ್ಮ ಬಸವನಪಾದದ ಒಣಕಾಯಿ ಬಿಸಿಲಿಗೆ ಪಟ್ ಅಂತ ಸಿಡಿಯುವುದೂ ಹೀಗೆಯೇ. ಸಿಪ್ಪೆಯಲ್ಲಿ ಎರಡು ಪದರ, ಒಂದರ ನಾರು ಒಂದು ಓರೆಗೆ, ಇನ್ನೊಂದರದ್ದು ಎದುರು ಓರೆಗೆ. ಒಣಗುತ್ತಾ ಇಬ್ಬರೂ ಬೇರೆ ಬೇರೆ ದಿಕ್ಕಿಗೆ ಎಳೆಯುತ್ತಾರೆ, ದಿನಗಟ್ಟಲೆ ಬಿಗಿ ಕೂಡುತ್ತದೆ, ಕೊನೆಗೆ ಒಂದು ಕ್ಷಣದಲ್ಲಿ ಎರಡು ಹೋಳೂ ಸುರುಳಿ ಸುತ್ತಿ ಬೀಜ ಎಸೆಯುತ್ತವೆ. ಕಾಂಪೊಸಿಟ್ ಅಂದರೆ ಅದು. ಎಪಾಕ್ಸಿಯೂ ಇಲ್ಲ, ಬ್ಯಾಟರಿಯೂ ಇಲ್ಲ.

ಆದರೆ ಒಂದು ತಕರಾರು. ತೆರೆದ ಕೂಡಲೇ ಮುಚ್ಚಬೇಕಾಗಿ ಬಂದರೆ? ತೆರೆದ ತಂತಿ ಇನ್ನೂ ಬಿಸಿಯಾಗಿ ಬಿಗಿದುಕೊಂಡೇ ಇರುತ್ತದೆ, ಮುಚ್ಚುವ ತಂತಿ ಅದರ ಜತೆ ಹಗ್ಗಜಗ್ಗಾಟ ಮಾಡಬೇಕು. ದಪ್ಪ ತಂತಿಯಾದರೆ ಹತ್ತು ಸೆಕೆಂಡು ಜಗ್ಗಾಟ. ಹಾಗಾಗಿ ಕ್ಲಿಪ್ಪು ಬಂದರೂ ಸಪೂರ ತಂತಿ ಬಿಡುವ ಹಾಗಿಲ್ಲ.

ಜತ್ತದ ಮಾಸ್ತರ · ಶನಿವಾರ ರಾತ್ರಿ 9:14

ಖರೇ. ಅದನ್ನ ನಾ ವಿಚಾರ ಮಾಡಿದ್ದಿಲ್ಲ.

ಮುಳ್ಳೇರಿಯ ಪಂಪು · ಭಾನುವಾರ ಬೆಳಿಗ್ಗೆ 7:35

ಪಂಪು ರಿಪೇರಿ ಮಾಡುವವ ನಾನು. ಎರಡು ಕಿಲೋ ಎರಡು ಕಿಲೋ ಅಂತ ಹೇಳ್ತಾ ಇದ್ದೀರಿ, ವಾಲ್ವಿನ ಒಳಗಿನ ಒತ್ತಡ ಎಷ್ಟೂಂತ ಯಾರೂ ಕೇಳಲಿಲ್ಲ. ಔಷಧ ಬಿಡುವ ಜೋರು ಒತ್ತಡದ ಎಚ್‌ಟಿಪಿ ಪಂಪಿನಲ್ಲಿ ಒಂದು ಚದರ ಸೆಂ.ಮೀ.ಗೆ 25 ಕಿಲೋ ಅಂತ ಹಿಡಿಯಿರಿ. ಪೈಪನ್ನು ಹೊರಗಿಂದ ಹಿಚುಕಿ ಮುಚ್ಚುವುದು ಎರಡು ಕಿಲೋದಲ್ಲಿ ಆಗುವ ಮಾತಲ್ಲ. ಸೀಟು (ತೂತಿರುವ ಬಿಲ್ಲೆ) ಮತ್ತು ಆ ತೂತು ಮುಚ್ಚುವ ಗುಂಡು ಹಾಕಿ. ಸೀಟಿನ ತೂತು 2 ಮಿ.ಮೀ. ಆದರೆ ಗುಂಡನ್ನು ಎತ್ತಲಿಕ್ಕೆ 800 ಗ್ರಾಂ ಸಾಕು. 3 ಮಿ.ಮೀ. ಮಾಡಿದಿರಾ, ಒಂದೂಮುಕ್ಕಾಲು ಕಿಲೋ, ನಿಮ್ಮ ತಂತಿಯ ಜೀವ ಹೋಗ್ತದೆ.

ಗುಂಡನ್ನು ನೀರು ಬರುವ ಬದಿಯಲ್ಲಿ ಇಡಬೇಕು. ಆಗ ಒತ್ತಡವೇ ಒತ್ತಿ ಮುಚ್ಚುತ್ತದೆ. ತೆರೆಯುವ ಕಟ್ಟಿಗೆ 14 ತಂತಿ ಬೇಕಾದರೆ ಮುಚ್ಚುವ ಕಟ್ಟಿಗೆ ನಾಲ್ಕು ಸಾಕು, ಕ್ಲಿಪ್ಪನ್ನು ದಾಟಿಸುವಷ್ಟು.

ಸ್ಪ್ರಿಂಗು, ಗುಂಡು, ಕ್ಲಿಪ್ಪು ಎಲ್ಲ ಸ್ಟೇನ್‌ಲೆಸ್ ಇರಲಿ. ಬೋರ್ಡೋಗೆ ಚೂರಿ ಅದ್ದಿ ನೋಡುವುದು ಯಾಕೆ? ಸುಣ್ಣ ಕಡಿಮೆಯಾದರೆ ಕಬ್ಬಿಣಕ್ಕೆ ತಾಮ್ರ ಹಿಡಿದು ಕೆಂಪಾಗ್ತದೆ. ನಿಮ್ಮ ವಾಲ್ವಿನ ಒಳಗಿರುವ ಕಬ್ಬಿಣವೂ ಚೂರಿಯೇ. ಮತ್ತೆ ಸುಣ್ಣ ಸೋಸದೆ ಹಾಕುವವರು ಈ 2 ಮಿ.ಮೀ. ತೂತಿನ ಆಸೆ ಬಿಡುವುದು ಒಳ್ಳೆಯದು.

ಪೆರ್ಲದ ದೋಟಿ · ಭಾನುವಾರ ಬೆಳಿಗ್ಗೆ 10:02

ಒಂದೇ ಪೋಸ್ಟಿನಲ್ಲಿ ನನ್ನ ಎರಡು ತಿಂಗಳ ತಪ್ಪು ಹೇಳಿಬಿಟ್ಟಿರಿ. ನಾನು ಹಿಚುಕುತ್ತಲೇ ಇದ್ದೆ, ಅದೂ ಪಂಪು ಅರ್ಧ ಒತ್ತಡದಲ್ಲಿಟ್ಟು.

ಈಗ ಹೊಸ ತಲೆನೋವು. 14 ತಂತಿ ಒಂದೇ ಬಿಗಿಯಲ್ಲಿ ಕಟ್ಟುವುದು ಹೇಗೆ? ನಿನ್ನೆ ರಾತ್ರಿ ಐದು ಕಟ್ಟಿ ನೋಡಿದೆ. ಒಂದು ಬಿಗಿ ಇದ್ದರೆ ಇನ್ನೊಂದು ಸಡಿಲ. ಬಿಗಿ ಇದ್ದದ್ದೇ ಎಲ್ಲ ಭಾರ ಹೊತ್ತು ಮೊದಲು ತುಂಡಾಗ್ತದೆ, ಆಮೇಲೆ ಪಕ್ಕದ್ದು. ಸೋಲ್ಡರ್ ಅಂತೂ ಈ ತಂತಿಗೆ ಹಿಡಿಯುವುದೇ ಇಲ್ಲ, ಮುತ್ತಿನ ಹಾಗೆ ಉರುಳಿ ಹೋಗ್ತದೆ.

ಬದಿಯಡ್ಕದವಳು · ಭಾನುವಾರ ಬೆಳಿಗ್ಗೆ 10:30

ಹಿಡಿಯುವುದಿಲ್ಲ ಅಣ್ಣ. ಮೇಲೆ ಟೈಟಾನಿಯಂ ಆಕ್ಸೈಡಿನ ಪೊರೆ ಇರುತ್ತದೆ. ಆ ಪೊರೆಯೇ ತಂತಿಯನ್ನು ತುಕ್ಕಿನಿಂದ ಕಾಯುವುದೂ. ಒತ್ತಿ ಹಿಡಿಯುವುದೇ ದಾರಿ.

ಕಾಸರಗೋಡು ಮಗ್ಗ · ಭಾನುವಾರ ಮಧ್ಯಾಹ್ನ 12:15

ಇಷ್ಟು ಹೊತ್ತು ಸುಮ್ಮನೆ ಓದುತ್ತಿದ್ದೆ. ನಮ್ಮದು ನೇಯುವ ಮನೆ. ಕಾಸರಗೋಡು ಸೀರೆ ಅಂತ ಕೇಳಿರಬಹುದು. ಸೀರೆಯ ಹಾಸಿನಲ್ಲಿ ಸಾವಿರಾರು ಎಳೆ, ಎಲ್ಲವೂ ಒಂದೇ ಬಿಗಿ ಇರಬೇಕು, ಇಲ್ಲದಿದ್ದರೆ ಬಟ್ಟೆ ಸುಕ್ಕು. ನಾವು ಒಂದೊಂದನ್ನು ಅಳೆದು ಕಟ್ಟುತ್ತೇವಾ? ಒಂದೇ ನೂಲನ್ನು ಬಿಡದೆ ಸುತ್ತುತ್ತೇವೆ.

ನಿಮ್ಮ ತಂತಿಯನ್ನೂ ತುಂಡು ಮಾಡಬೇಡಿ. ಮೇಲೊಂದು ಕೆಳಗೊಂದು ಹಿತ್ತಾಳೆ ಸರಳು ಇಡಿ, 20 ಸೆಂ.ಮೀ. ದೂರ. ಒಂದೇ ತಂತಿಯನ್ನು ತುದಿಗೆ ಸಣ್ಣ ಭಾರ ಕಟ್ಟಿಕೊಂಡು ಮೇಲೆ ಕೆಳಗೆ 14 ಸಲ ಹಾಯಿಸಿ, ಮತ್ತೆ ಮೇಲಿಂದ ಪಟ್ಟಿ ಒತ್ತಿ ಸ್ಕ್ರೂ ಬಿಗಿಯಿರಿ. ಆ ಭಾರವೇ ಎಲ್ಲ ಎಳೆಗೂ ಒಂದೇ ಬಿಗಿ ಕೊಡುತ್ತದೆ.

ಇನ್ನೊಂದು. ಎಳೆಗಳು ಒಂದಕ್ಕೊಂದು ತಾಗಿದರೆ ಮಾಷ್ಟ್ರು ಹೇಳಿದ ತಣಿಯುವ ಲೆಕ್ಕ ನಡೆಯಲಿಕ್ಕಿಲ್ಲ, ಎಲ್ಲ ಸೇರಿ ಮತ್ತೆ ದಪ್ಪ ತಂತಿಯೇ ಆಗುತ್ತದೆ. ನಡುನಡುವೆ ಎರಡು ಮೂರು ಕಡೆ ಅಡ್ಡ ಹೊಕ್ಕು ಹಾಕಿ, ಒಂದು ಮೇಲೆ ಒಂದು ಕೆಳಗೆ. ಎಳೆಗಳು ಬೇರೆ ಬೇರೆ ನಿಲ್ಲುತ್ತವೆ, ನಡುವೆ ಗಾಳಿ ಆಡುತ್ತದೆ.

ಬದಿಯಡ್ಕದವಳು · ಭಾನುವಾರ ಮಧ್ಯಾಹ್ನ 12:40

ಅಕ್ಕ, ಇದನ್ನು ನಮ್ಮ ಕಡೆ ಪ್ರಬಂಧ ಮಾಡಿ ಬರೆಯುತ್ತಾರೆ ಗೊತ್ತುಂಟಾ? ನೀವು ಒಂದು ಪ್ಯಾರಾದಲ್ಲಿ ಹೇಳಿದಿರಿ.

ನಿಮ್ಮ ಮಾತಿಗೇ ಒಂದು ಸೇರಿಸುತ್ತೇನೆ. ಎರಡೂ ಸರಳು ಇಡಿಯಾಗಿದ್ದರೆ 14 ಎಳೆಯೂ ಸಮಾಂತರ, 2.8 ಆಂಪಿಯರ್ ಬೇಕು, 60 ಅಡಿ ವಯರಿನಲ್ಲೇ ಬಹಳಷ್ಟು ಕಳೆದು ಹೋಗುತ್ತದೆ. ಮೇಲಿನ ಸರಳನ್ನು ಎರಡು ತುಂಡು ಮಾಡಿ ನಡುವೆ ಕರೆಂಟು ಹರಿಯದ ಬೇಕಲೈಟ್ ಇಡಿ. ಎಡತುಂಡಿನಿಂದ ಏಳು ಎಳೆ ಕೆಳಗೆ, ಕೆಳಗಿನ ಸರಳಿನಿಂದ ಏಳು ಎಳೆ ಬಲತುಂಡಿಗೆ. ಆಗ 1.4 ಆಂಪಿಯರ್, 10 ವೋಲ್ಟು. ಅರ್ಧ ಚದರ ಮಿ.ಮೀ. ವಯರು ಹೋಗಿ ಬರಲಿಕ್ಕೆ ಒಂದೂಮುಕ್ಕಾಲು ವೋಲ್ಟು ತಿನ್ನುತ್ತದೆ. ಒಟ್ಟು ಹನ್ನೆರಡರ ಒಳಗೆ. ಸ್ಪ್ರೇಯರಿನ 12 ವೋಲ್ಟು ಬ್ಯಾಟರಿಗೆ ಹೇಳಿ ಮಾಡಿಸಿದ ಹಾಗೆ! ಎರಡು ಕನೆಕ್ಷನ್ನೂ ಮೇಲಿನ ಸರಳಿಗೇ, ಅಲ್ಲಾಡುವ ಕೆಳಗಿನ ಸರಳಿಗೆ ವಯರೇ ಬೇಡ.

ಕಂಬದ ಮೇಲಿನವ · ಭಾನುವಾರ ಸಂಜೆ 6:45

ನಾನು ಲೈನ್‌ಮ್ಯಾನ್. ತಂತಿ ವಿಷಯ ನನಗೆ ಬೇಡ. ಕಾರ್ಬನ್ ಫೈಬರಿನಲ್ಲಿ ಕರೆಂಟು ಹರಿಯುತ್ತದೆ, ಅದು ಮರದ ದೋಟಿ ಅಲ್ಲ, ಇಷ್ಟು ನೆನಪಿರಲಿ. ತೋಟದ ಮೇಲೆ ಲೈನು ಹೋಗಿದ್ದರೆ ಆ ಸಾಲಿನ ಮರಗಳಿಗೆ ದೋಟಿ ಎತ್ತಬೇಡಿ. ಒದ್ದೆ ದೋಟಿ, ಒದ್ದೆ ನೆಲ. ಹೇಳಬೇಕು ಅನ್ನಿಸಿತು.

ಪೆರ್ಲದ ದೋಟಿ · ಭಾನುವಾರ ಸಂಜೆ 7:10

ನಮ್ಮ ತೋಟದ ಮೂಲೆಯಲ್ಲಿ ಹನ್ನೊಂದು ಮರ ಹಾಗೆ ಉಂಟು. ಅವಕ್ಕೆ ಈಗಲೂ ಹತ್ತುವವರನ್ನೇ ಕಾಯುವುದು. ಹೇಳಿದ್ದು ಒಳ್ಳೆಯದಾಯಿತು ಅಣ್ಣ.

ಪೆರ್ಲದ ದೋಟಿ · ಮೂರು ವಾರದ ನಂತರ, ಶನಿವಾರ ರಾತ್ರಿ 8:50

ಕೆಲಸ ಮಾಡಿದೆ, ಮೂರು ಸಲ ಕೆಡಿಸಿದೆ. ಕೆಟ್ಟದ್ದನ್ನೇ ಮೊದಲು ಹೇಳ್ತೇನೆ.

ಮೊದಲನೆಯದ್ದು ಕ್ಲಿಪ್ಪು. ಜಾತ್ರೆ ಸಂತೆಯಿಂದ ತಂದ ಟಿಕ್‌ಟ್ಯಾಕ್ ಕ್ಲಿಪ್ಪನ್ನೇ ಹಾಕಿದೆ. ಮೇಜಿನ ಮೇಲೆ ಅದ್ಭುತ. ಎರಡು ದಿನ ಬೋರ್ಡೋ ತಾಗಿದ ಮೇಲೆ ಬಣ್ಣ ಎದ್ದು, ಅಡಿಯಲ್ಲಿ ಕೆಂಪು. ಮುಳ್ಳೇರಿಯದವರ ಚೂರಿ ಪಾಠ. ಈಗ ಸ್ಟೇನ್‌ಲೆಸ್ ತಗಡು ಕತ್ತರಿಸಿ, ನಡುವೆ ಸೀಳಿ, ಎರಡು ಕಾಲನ್ನು ಹತ್ತಿರ ಎಳೆದು ರಿವೆಟ್ ಹೊಡೆದೆ. ನಾಲ್ಕನೆಯದ್ದು ಸರಿಯಾಯಿತು. ಕಾಲನ್ನು ಎಷ್ಟು ಹತ್ತಿರ ಎಳೆಯುತ್ತೀರೋ ಅಷ್ಟು ಗಡುಸು 'ಟಕ್'. ಹೆಚ್ಚು ಎಳೆದರೆ ನಾಲ್ಕು ತಂತಿಗೆ ಅದನ್ನು ದಾಟಿಸಲಿಕ್ಕೆ ಆಗುವುದಿಲ್ಲ.

ಎರಡನೆಯದ್ದು ನನ್ನ ಹೆಬ್ಬೆರಳು. ಬಟನ್ ಒತ್ತಿ ಹಿಡಿದೇ ಬಿಟ್ಟೆ, ಮಾತಾಡ್ತಾ ಇದ್ದೆ. ತಂತಿ ಬಿಸಿ ಮೀರಿ ನೆನಪು ಕಳಕೊಂಡಿತು. ಈಗ ಕರೆಂಟು ಕೊಟ್ಟರೆ ಅರ್ಧವೂ ಕುಗ್ಗುವುದಿಲ್ಲ. ಹೊಸದಕ್ಕೆ 555 ಟೈಮರ್ ಹಾಕಿದ್ದೇನೆ, ಎಷ್ಟು ಹೊತ್ತು ಒತ್ತಿದರೂ ಒಂದೇ ಸೆಕೆಂಡು ಕರೆಂಟು.

ಮೂರನೆಯದ್ದು ಮಳೆ. ಬಿಸಿಲು ಕಂಡು ಹೊರಟದ್ದು, ನಡುವೆ ಸಣ್ಣ ಹನಿ ಬಂತು. ತಂತಿಗೆ ನೀರು ತಾಗಿದರೆ ಬಿಸಿಯೇ ಏರುವುದಿಲ್ಲ, ಮಾಷ್ಟ್ರು ಹೇಳಿದ 100 ಪಟ್ಟು ನಿಜ. ಮುಚ್ಚಿದ ಡಬ್ಬಿಯೊಳಗೆ ಇಟ್ಟರೆ ಒಳಗಿನ ಗಾಳಿಯೇ ಬಿಸಿಯಾಗಿ ತಣಿಯುವುದು ಎರಡು ಸೆಕೆಂಡು ದಾಟಿತು. ಕೊನೆಗೆ ಪಿವಿಸಿ ಪೈಪನ್ನು ಉದ್ದಕ್ಕೆ ಸೀಳಿ ಮಾಡಿನ ಹಾಗೆ ಮೇಲೆ ಮುಚ್ಚಿದೆ, ಅಡಿ ತೆರೆದಿದೆ. ಈಗ ಒಂದು ಸೆಕೆಂಡು ಚಿಲ್ಲರೆ.

ಒಳ್ಳೆಯದ್ದು: ತುದಿಯ ಒಟ್ಟು ತೂಕ 90 ಗ್ರಾಂ, ಅದರಲ್ಲೂ ಹೆಚ್ಚು ಹಿತ್ತಾಳೆ. ಬಟನ್ ಒತ್ತಿದರೆ ಒಂದು ಸೆಕೆಂಡಿನೊಳಗೆ ತೆರೆಯುತ್ತದೆ, ಇನ್ನೊಂದು ಒತ್ತಿದರೆ ಅಷ್ಟೇ ಬೇಗ ಮುಚ್ಚುತ್ತದೆ. ಮುಚ್ಚುವಾಗಿನ ಶಬ್ದ ಕೆಳಗೆ ಕೇಳುತ್ತದೆ. ಈ ವಾರ 140 ಮರಕ್ಕೆ ಬಿಟ್ಟೆ. ಟೊಪ್ಪಿ ಬಹುತೇಕ ಬಿಳಿಯೇ ಉಂಟು.

ಹೊಸೂರು ಶಿಫ್ಟ್ · ಶನಿವಾರ ರಾತ್ರಿ 11:55

ಸೂಪರ್ ಗುರು. ಎಷ್ಟು ಸಲ ತಡೆಯುತ್ತೆ? ನಮ್ಮ ಲೈನಲ್ಲಾದ್ರೆ ಮೊದಲು ಕೇಳೋದೇ ಇದು.

ಬದಿಯಡ್ಕದವಳು · ಭಾನುವಾರ ಬೆಳಿಗ್ಗೆ 8:20

ಅದು ಎಷ್ಟು ಎಳೆಸುತ್ತೀರಿ ಎಂಬುದರ ಮೇಲೆ. ನೂರಕ್ಕೆ ಎಂಟರವರೆಗೂ ಒಂದೆರಡು ಸಲ ಎಳೆಸಬಹುದು, ಬೇಗ ಸಾಯುತ್ತದೆ. ಮೂರಕ್ಕೆ ಇಳಿಸಿದರೆ ಆಯುಷ್ಯ ತುಂಬ ಹೆಚ್ಚು. ಅಣ್ಣ, ಗುಂಡು ಎತ್ತಲಿಕ್ಕೆ 8 ಮಿ.ಮೀ. ಪೂರ್ತಿ ಬೇಕಾ? 6 ಸಾಕಾದರೆ ಕ್ಲಿಪ್ಪನ್ನು ಅಷ್ಟಕ್ಕೇ ಹಾರುವ ಹಾಗೆ ಹೊಂದಿಸಿ.

ಪೆರ್ಲದ ದೋಟಿ · ಭಾನುವಾರ ಬೆಳಿಗ್ಗೆ 8:45

ಐದೂವರೆಗೇ ಹಾರುತ್ತದೆ. ಹಾಗಾದರೆ ಸರಿ.

ಮಗ್ಗದ ಅಕ್ಕನಿಗೆ ಒಂದು ಪ್ರಶ್ನೆ ಉಳಿಯಿತು. ಹೊಕ್ಕಿಗೆ ನಾನು ಗಾಳದ ಟಂಗೀಸು ನೂಲು ಹಾಕಿದ್ದೆ. ಬಿಸಿಗೆ ಅದು ತಾನೂ ಮುದುಡಿ ಎಳೆಗಳನ್ನು ಒಟ್ಟಿಗೆ ಕೂಡಿಸಿತು. ಹತ್ತಿ ಹಾಕಿದರೆ ಒದ್ದೆಯಾಗಿ ತಂತಿಯನ್ನು ತಣಿಸುತ್ತದೆ. ಎಂತ ಹಾಕುವುದು?

ನೀರ್ಚಾಲಿನ ಮಾಷ್ಟ್ರು · ಭಾನುವಾರ ಬೆಳಿಗ್ಗೆ 9:05

ಅದೂ ಒಂದು ಕೃತಕ ಸ್ನಾಯುವೇ! ಗಾಳದ ನೈಲಾನನ್ನು ಹುರಿ ಹಾಕಿ ಸುರುಳಿ ಮಾಡಿ ಬಿಸಿ ಕೊಟ್ಟರೆ ಕುಗ್ಗುತ್ತದೆ, ಭಾರ ಎತ್ತುತ್ತದೆ. 2014ರಲ್ಲಿ ಅಮೆರಿಕದ ಟೆಕ್ಸಾಸಿನವರು ತೋರಿಸಿದ್ದು. ಅದರ ಮೇಲೆ ಬೇರೆ ಪ್ರಶ್ನೆ ಹಾಕಿ, ಇಲ್ಲಿ ಬೆರೆಸುವುದು ಬೇಡ.

ಕಾಸರಗೋಡು ಮಗ್ಗ · ಭಾನುವಾರ ಬೆಳಿಗ್ಗೆ 11:30

ಹೀಟರಿನ ವಯರಿಗೆ ಗಾಜಿನ ನೂಲಿನ ಬಿಳಿ ತೋಳು ಹಾಕಿರುತ್ತಾರಲ್ಲ, ಅದನ್ನು ಬಿಡಿಸಿ ಎಳೆ ತೆಗೆಯಿರಿ. ಬಿಸಿಗೂ ಏನಾಗದು, ನೀರೂ ಅಷ್ಟು ಕುಡಿಯದು. ಕೈಗೆ ಚುಚ್ಚುತ್ತದೆ, ಜಾಗ್ರತೆ. ಹೊಕ್ಕು ಹಾಕುವುದನ್ನು ನೋಡಬೇಕಾದರೆ ಬುಧವಾರ ಬನ್ನಿ, ಮಗ್ಗದಲ್ಲಿ ಹಾಸು ಏರಿಸುವ ದಿನ.

ಪೆರ್ಲದ ದೋಟಿ · ಭಾನುವಾರ ಬೆಳಿಗ್ಗೆ 11:42

ಬರ್ತೇನೆ ಅಕ್ಕ, ಹತ್ತು ಗಂಟೆಯ ಬಸ್ಸಿಗೆ.

ಕಾಸರಗೋಡು ಮಗ್ಗ · ಭಾನುವಾರ ಬೆಳಿಗ್ಗೆ 11:44

ವಾಲ್ವು ಮಾತ್ರ ತನ್ನಿ. ದೋಟಿ ಬೇಡ.